ಸಾವಿರ ಬೀಡಿಯ ಲೆಕ್ಕ

ನನ್ನ ಬಾಲ್ಯದ ಸಂಜೆಗಳನ್ನು ನೆನೆದಾಗಲೆಲ್ಲ ಮೊದಲು ಕಣ್ಣಿಗೆ ಕಟ್ಟುವುದು ಒಂದು ಮೊರ. ನೇತ್ರಾವತಿಯ ದಡದ ನಮ್ಮ ಹಳ್ಳಿಯಲ್ಲಿ ಮಧ್ಯಾಹ್ನದ ಗಂಜಿಯೂಟ ಮುಗಿದು, ಪಾತ್ರೆಗಳು ಬೋರಲು ಬಿದ್ದುವೆಂದರೆ, ಜಗಲಿಯ ತುದಿಯಲ್ಲಿ ಆ ಮೊರ ನನ್ನ ತಾಯಿಯ ಮಡಿಲನ್ನೇರುತ್ತಿತ್ತು. ಹಿಂದಿನ ರಾತ್ರಿ ನೆನೆಸಿಟ್ಟ ಎಲೆಗಳನ್ನು ತಗಡಿನ ಅಳತೆಗೆ ಸರಿಯಾಗಿ ಕತ್ತರಿಸುವುದು, ಒಂದು ಚಿಟಿಕೆ ಹೊಗೆಸೊಪ್ಪನ್ನು ಅದರ ಮೇಲೆ ಹರಡುವುದು, ಸುರುಳಿ ಸುತ್ತುವುದು, ಬಾಯಿಯನ್ನು ಉಗುರಿನಿಂದ ಮಡಚುವುದು, ನೂಲಿನಿಂದ ಬಿಗಿಯುವುದು—ಇಷ್ಟನ್ನೂ ಆಕೆ ಕೈಯನ್ನು ನೋಡದೆಯೇ ಮಾಡುತ್ತಿದ್ದಳು. ಕಣ್ಣು ಅಂಗಳದ ಕೋಳಿಯ ಮೇಲೆ, ಒಲೆಯ ಮೇಲಿನ ಅನ್ನದ ಮೇಲೆ, ಇಲ್ಲವೆ ನನ್ನ ಪುಸ್ತಕದ ಮೇಲೆ ಇರುತ್ತಿತ್ತು. ಬೆರಳುಗಳು ಮಾತ್ರ ಸಾವಿರದ ಲೆಕ್ಕವನ್ನು ತಮ್ಮಷ್ಟಕ್ಕೆ ತಾವು ಮುಗಿಸುತ್ತಿದ್ದುವು.

ಕೂಲಿಯನ್ನು ದಿನಕ್ಕೆ ಇಷ್ಟೆಂದು ಎಣಿಸುವ ವಾಡಿಕೆ ಈ ಕಸುಬಿನಲ್ಲಿ ಇಲ್ಲ. ಸಾವಿರ ಬೀಡಿಗೆ ಇಷ್ಟು ಎಂದು ದರ. ನನಗೆ ಹನ್ನೆರಡು ವರ್ಷವಾಗಿದ್ದಾಗ, ಎಂದರೆ 1973ರ ಸುಮಾರಿಗೆ, ಒಂದು ದಿನ ಅಂಗಡಿಯಿಂದ ಬೆಲ್ಲ ಕಟ್ಟಿ ತಂದ ಹಳೆಯ ಪತ್ರಿಕೆಯ ತುಂಡಿನಲ್ಲಿ ಬೀಡಿ ಕೆಲಸಗಾರರ ಕನಿಷ್ಠ ಕೂಲಿ ಹೆಚ್ಚಲಿದೆ ಎಂಬ ಸುದ್ದಿಯಿತ್ತು. ತಾಯಿಗೆ ಅಕ್ಷರ ಬಾರದು. ನಾನು ಕನ್ನಡದಲ್ಲಿ ಓದಿ, ತುಳುವಿನಲ್ಲಿ ಅರ್ಥ ಹೇಳಿ, ಇನ್ನೇನು ಆಕೆಯ ಮುಖ ಅರಳಬೇಕೆಂದು ಕಾದೆ. ಆಕೆ ಎರಡು ಬೀಡಿ ಸುತ್ತುವಷ್ಟು ಹೊತ್ತು ಸುಮ್ಮನಿದ್ದು, ಬಳಿಕ ಕೇಳಿದಳು: “ಕೂಲಿ ಹೆಚ್ಚುತ್ತದೆ, ಸರಿ. ಎಲೆ ಎಷ್ಟು ಕೊಡುತ್ತಾರಂತೆ?”

ಪತ್ರಿಕೆಯ ತುಂಡಿನಲ್ಲಿ ಆ ವಿಷಯ ಇರಲಿಲ್ಲ. ನಾನು ಮುಂದೆ ಅರ್ಥಶಾಸ್ತ್ರ ಓದಿದೆ. 1987ರಿಂದ 2021ರವರೆಗೆ ಅದನ್ನೇ ಕಾಲೇಜಿನಲ್ಲಿ ಪಾಠ ಹೇಳಿದೆ. ಆ ಶಾಸ್ತ್ರದ ಒಂದು ದೊಡ್ಡ ವಿವಾದವನ್ನು ನನ್ನ ತಾಯಿ ಅಂದು ಆರೇಳು ಮಾತಿನಲ್ಲಿ ಮುಗಿಸಿದ್ದಳೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಆಕೆಯ ಸಂದೇಹವನ್ನು ಪಠ್ಯಪುಸ್ತಕದ ಭಾಷೆಯಲ್ಲಿ ಹೇಳುವುದು ಸುಲಭ. ಯಾವ ವಸ್ತುವಿನ ಬೆಲೆ ಏರಿದರೂ ಕೊಳ್ಳುವವರು ಅದನ್ನು ಕಡಿಮೆ ಕೊಳ್ಳುತ್ತಾರೆ. ದುಡಿಮೆಯೂ ಕೊಳ್ಳುವ ವಸ್ತುವೇ ಆದರೆ, ಅದರ ಬೆಲೆಯನ್ನು ಕಾಯಿದೆಯಿಂದ ಏರಿಸಿದಾಗ ಧಣಿಗಳು ದುಡಿಮೆಯನ್ನೂ ಕಡಿಮೆ ಕೊಳ್ಳಬೇಕು. ಕರಿಹಲಗೆಯ ಮೇಲೆ ಒಂದನ್ನೊಂದು ಕತ್ತರಿಸುವ ಎರಡು ಗೆರೆ ಎಳೆದು, ಅವು ಕೂಡುವ ಬಿಂದುವಿನ ಮೇಲೆ ಅಡ್ಡಗೆರೆಯೊಂದನ್ನು ಹಾಕಿದರೆ, ಉಳಿದ ಅಂತರವೇ ನಿರುದ್ಯೋಗ. ಅಮೆರಿಕದ ಜಾರ್ಜ್ ಸ್ಟಿಗ್ಲರ್ ಎಂಬ ಅರ್ಥಶಾಸ್ತ್ರಜ್ಞರು 1946ರಲ್ಲಿ ಬರೆದ ಲೇಖನವೊಂದು ಈ ವಾದಕ್ಕೆ ಶಾಸ್ತ್ರದ ಮುದ್ರೆಯನ್ನೊತ್ತಿತು. ಕಾಯಿದೆಯ ಕೂಲಿಗೆ ತಕ್ಕಷ್ಟು ಉತ್ಪತ್ತಿ ಕೊಡಲಾರದವನನ್ನು ಕಾಯಿದೆ ಉದ್ಧರಿಸುವುದಿಲ್ಲ, ಮನೆಗೆ ಕಳಿಸುತ್ತದೆ ಎಂಬುದು ಅದರ ಸಾರ. ಬಡವನ ಮೇಲಿನ ಕರುಣೆಯಿಂದ ಮಾಡಿದ ಕಾಯಿದೆ ಬಡವರಲ್ಲಿ ಬಡವನಾದವನಿಗೆ ಮುಳ್ಳಾಗುತ್ತದೆ ಎಂಬ ಈ ಮಾತಿನಲ್ಲಿ ಒಂದು ಬಗೆಯ ವ್ಯಂಗ್ಯದ ಸೊಗಸಿದೆ. ತರುಣ ವಿದ್ಯಾರ್ಥಿಗಳಿಗೆ ಇಂಥ ಸೊಗಸು ಬಹಳ ಬೇಗ ಹಿಡಿಸುತ್ತದೆ. ನನಗೂ ಹಿಡಿಸಿತು. ಹಲವು ವರ್ಷ ನಾನೂ ಆ ಎರಡು ಗೆರೆಗಳನ್ನು ಎಳೆದು, ಸೀಮೆಸುಣ್ಣದ ಪುಡಿ ಝಾಡಿಸಿ, ತೃಪ್ತಿಯಿಂದ ತರಗತಿ ಬಿಟ್ಟಿದ್ದೇನೆ.

ಆದರೆ ಕನಿಷ್ಠ ಕೂಲಿಯ ಕಾಯಿದೆ ಹುಟ್ಟಿದ್ದು ಕರಿಹಲಗೆಯ ಮೇಲಲ್ಲ. ನ್ಯೂಜಿಲೆಂಡಿನಲ್ಲಿ 1894ರಲ್ಲಿ, ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ 1896ರಲ್ಲಿ, ಇಂಗ್ಲೆಂಡಿನಲ್ಲಿ 1909ರಲ್ಲಿ ಅದು ಮೊಳೆತಾಗ, ಅದರ ಕಣ್ಣಿದ್ದುದು ಮುಖ್ಯವಾಗಿ ಮನೆಯಲ್ಲಿಯೂ ಇಕ್ಕಟ್ಟಾದ ಕೋಣೆಗಳಲ್ಲಿಯೂ ಬಿಡಿಲೆಕ್ಕಕ್ಕೆ ಹೊಲಿಗೆ, ಲೇಸು, ಪೆಟ್ಟಿಗೆಗಳ ಕೆಲಸ ಮಾಡುತ್ತಿದ್ದವರ ಮೇಲೆ. ಅವರಲ್ಲಿ ಹೆಚ್ಚಿನವರು ಹೆಂಗಸರು. ನಮ್ಮ ದೇಶದಲ್ಲಿ ಸ್ವಾತಂತ್ರ್ಯ ಬಂದು ವರ್ಷ ತುಂಬುವ ಮೊದಲೇ, 1948ರಲ್ಲಿ, ಕನಿಷ್ಠ ವೇತನ ಕಾಯಿದೆ ಬಂದಿತು. ಅದರ ಅನುಸೂಚಿಯಲ್ಲಿ ಮೊದಲಿನಿಂದಲೇ ಸೇರಿದ್ದ ಉದ್ಯೋಗಗಳಲ್ಲಿ ಬೀಡಿ ಕಟ್ಟುವುದೂ ಒಂದು. ಅದೇ ವರ್ಷ ನೇಮಕವಾದ ನ್ಯಾಯವೇತನ ಸಮಿತಿಯು ಕನಿಷ್ಠ ವೇತನ, ನ್ಯಾಯ ವೇತನ, ಜೀವನ ವೇತನ ಎಂದು ಮೂರು ಮೆಟ್ಟಿಲುಗಳನ್ನು ಗುರುತಿಸಿತು. ಕನಿಷ್ಠವೆಂದರೆ ಬರಿಯ ಉಸಿರು ಉಳಿಸುವಷ್ಟಲ್ಲ, ದುಡಿಯುವವನ ಕಸುವನ್ನು ಕಾಯುವಷ್ಟು, ಮಕ್ಕಳ ಓದಿಗೂ ಔಷಧಿಗೂ ತುಸು ಒದಗುವಷ್ಟು ಎಂದು ವಿವರಿಸಿತು. 1957ರ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಇದನ್ನು ಇನ್ನೂ ಬಿಡಿಸಿ, ಸಂಸಾರವೊಂದಕ್ಕೆ ಮೂರು ಬಳಕೆಯ ಘಟಕಗಳೆಂದೂ, ಘಟಕವೊಂದಕ್ಕೆ ದಿನಕ್ಕೆ 2,700 ಕ್ಯಾಲೊರಿ ಆಹಾರವೆಂದೂ, ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆಯೆಂದೂ ಲೆಕ್ಕ ಹಾಕಿತು. ಅದೇ ದಶಕದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು, ತನ್ನ ಕೆಲಸಗಾರರಿಗೆ ಕನಿಷ್ಠ ಕೂಲಿಯನ್ನೂ ಕೊಡಲಾರದ ಉದ್ಯಮಕ್ಕೆ ಬದುಕಿರುವ ಹಕ್ಕಿಲ್ಲವೆಂಬ ತತ್ವವನ್ನು ಸಾರಿತು.

ಈ ತತ್ವವನ್ನು ನಾನು ತರಗತಿಯಲ್ಲಿ ಹೇಳಿದಾಗಲೆಲ್ಲ ಹಿಂದಿನ ಬೆಂಚಿನಿಂದ ಒಂದು ಕೈ ಏಳುತ್ತಿತ್ತು: “ಉದ್ಯಮಕ್ಕೆ ಬದುಕುವ ಹಕ್ಕಿಲ್ಲ, ಸರಿ, ಅದನ್ನು ನಂಬಿದ ಕೆಲಸಗಾರರ ಗತಿ?” ಆ ಹುಡುಗರು ನನ್ನ ತಾಯಿಯ ಪ್ರಶ್ನೆಯನ್ನೇ ಕೇಳುತ್ತಿದ್ದರು.

ಅವರ ಪ್ರಶ್ನೆ ಟೊಳ್ಳಲ್ಲವೆಂಬುದಕ್ಕೆ ಸಾಕ್ಷಿಯಿದೆ. ಅಮೆರಿಕವು 1938ರಲ್ಲಿ ಗಂಟೆಗೆ 25 ಸೆಂಟುಗಳ ಕನಿಷ್ಠ ಕೂಲಿಯನ್ನು ಗೊತ್ತುಮಾಡಿದಾಗ, ಆ ಕಾಯಿದೆ ತನ್ನ ಅಧೀನದಲ್ಲಿದ್ದ ಪೋರ್ಟೊ ರಿಕೊ ದ್ವೀಪಕ್ಕೂ ಅನ್ವಯವಾಯಿತು. ನ್ಯೂಯಾರ್ಕಿನಲ್ಲಿ 25 ಸೆಂಟು ದೊಡ್ಡ ಮೊತ್ತವಲ್ಲ. ಆ ಬಡ ದ್ವೀಪದಲ್ಲಿ ಅದು ವಾಡಿಕೆಯ ಕೂಲಿಗಿಂತ ಎಷ್ಟೋ ಮೇಲಿತ್ತು. ಅಲ್ಲಿಯೂ ಸಾವಿರಾರು ಹೆಂಗಸರು ಮನೆಯಲ್ಲಿ ಕುಳಿತು ಕಸೂತಿಯ ಕೆಲಸ ಮಾಡುತ್ತಿದ್ದರು. ಆ ಕೆಲಸ ಕುಸಿಯಿತು. 1940ರಲ್ಲಿ ಕಾಯಿದೆಯನ್ನು ತಿದ್ದಿ, ದ್ವೀಪದ ಉದ್ಯಮಗಳಿಗೆ ತಕ್ಕ ಬೇರೆ ದರಗಳನ್ನು ಸಮಿತಿಗಳ ಮೂಲಕ ನಿಗದಿಮಾಡಬೇಕಾಯಿತು. ಗೆರೆಯನ್ನು ತೀರ ಮೇಲೆ ಎಳೆದರೆ ಏನಾದೀತೆಂಬುದಕ್ಕೆ ಇದು ನಿಚ್ಚಳವಾದ ಪಾಠ.

* * *

ಹಾಗಾದರೆ ಗೆರೆಯನ್ನು ತೀರ ಮೇಲಲ್ಲದೆ, ತುಸು ಮೇಲೆ ಎಳೆದರೆ? ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಹೆಸರಾದವರು ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್. ಅವರು ಆರಿಸಿಕೊಂಡದ್ದು ಒಂದು ನದಿಯನ್ನು. ಅಮೆರಿಕದ ಡೆಲವೇರ್ ನದಿಯ ಒಂದು ದಡದಲ್ಲಿ ನ್ಯೂಜೆರ್ಸಿ ರಾಜ್ಯ, ಇನ್ನೊಂದು ದಡದಲ್ಲಿ ಪೆನ್ಸಿಲ್ವೇನಿಯ. ಎರಡು ಕಡೆಯೂ ಒಂದೇ ಹವೆ, ಒಂದೇ ಬಗೆಯ ಜನ, ಒಂದೇ ಹೆಸರಿನ ತ್ವರಿತ ಆಹಾರದ ಅಂಗಡಿಗಳು. 1992ರ ಏಪ್ರಿಲ್ 1ರಂದು ನ್ಯೂಜೆರ್ಸಿಯು ಗಂಟೆಯ ಕನಿಷ್ಠ ಕೂಲಿಯನ್ನು 4.25 ಡಾಲರಿನಿಂದ 5.05 ಡಾಲರಿಗೆ, ಎಂದರೆ ನೂರಕ್ಕೆ ಸುಮಾರು 19ರಷ್ಟು, ಏರಿಸಿತು, ಪೆನ್ಸಿಲ್ವೇನಿಯ ಏರಿಸಲಿಲ್ಲ. ವಿಜ್ಞಾನಿಯು ಪ್ರಯೋಗಶಾಲೆಯಲ್ಲಿ ಎರಡು ಗಾಜಿನ ನಳಿಗೆಗಳನ್ನಿಟ್ಟು ಒಂದಕ್ಕೆ ಮಾತ್ರ ಔಷಧಿ ಬೆರೆಸುವಂತೆ, ಇಲ್ಲಿ ಶಾಸನವೇ ಪ್ರಯೋಗವನ್ನು ಏರ್ಪಡಿಸಿತ್ತು.

ಇಬ್ಬರೂ ನದಿಯ ಎರಡು ಕಡೆಯ 410 ಅಂಗಡಿಗಳನ್ನು ಕೂಲಿ ಏರುವ ಮೊದಲೊಮ್ಮೆ, ಏರಿದ ಕೆಲವು ತಿಂಗಳ ಮೇಲೊಮ್ಮೆ ವಿಚಾರಿಸಿದರು. ಪಠ್ಯಪುಸ್ತಕದ ಪ್ರಕಾರ ನ್ಯೂಜೆರ್ಸಿಯಲ್ಲಿ ಕೆಲಸಗಾರರು ಕಡಿಮೆಯಾಗಬೇಕಿತ್ತು. ಅರೆಹೊತ್ತಿನವರನ್ನು ಅರ್ಧವೆಂದು ಹಿಡಿದು ಎಣಿಸಿದಾಗ, ಅಲ್ಲಿಯ ಅಂಗಡಿಯೊಂದರ ಸರಾಸರಿ 20.4 ಇದ್ದುದು 21.0 ಆಗಿತ್ತು. ಕೂಲಿ ಏರದ ಪೆನ್ಸಿಲ್ವೇನಿಯದಲ್ಲಿ 23.3 ಇದ್ದುದು 21.2ಕ್ಕೆ ಇಳಿದಿತ್ತು. ಅಂಗಡಿಗಳು ಊಟದ ಬೆಲೆಯನ್ನು ತುಸು ಏರಿಸಿ ವೆಚ್ಚವನ್ನು ಗಿರಾಕಿಗಳಿಗೆ ಹಂಚಿದಂತೆ ಕಂಡಿತು. 1994ರಲ್ಲಿ ಇದು ಪ್ರಕಟವಾದಾಗ ಅರ್ಥಶಾಸ್ತ್ರಜ್ಞರ ಲೋಕದಲ್ಲಿ ಎದ್ದ ಗದ್ದಲ ಸಣ್ಣದಲ್ಲ. ನೀರು ಮೇಲಕ್ಕೆ ಹರಿಯಿತೆಂದು ಯಾರೋ ಹೇಳಿದಂತಾಗಿತ್ತು.

ವಾದ ಅಲ್ಲಿಗೆ ನಿಲ್ಲಲಿಲ್ಲ. ಡೇವಿಡ್ ನ್ಯೂಮಾರ್ಕ್ ಮತ್ತು ವಿಲಿಯಂ ವಾಷರ್ ಎಂಬ ವಿದ್ವಾಂಸರು ದೂರವಾಣಿಯ ವಿಚಾರಣೆಯನ್ನು ನಂಬದೆ, ಅಂಗಡಿಗಳ ಸಂಬಳದ ಪಟ್ಟಿಗಳನ್ನು ಕೂಡಿಹಾಕಿ, ಕೆಲಸ ಕಡಿಮೆಯೇ ಆಗಿತ್ತೆಂದು 2000ದಲ್ಲಿ ಬರೆದರು. ಅದೇ ವರ್ಷ ಕಾರ್ಡ್ ಮತ್ತು ಕ್ರೂಗರ್ ಸರ್ಕಾರದ ದಾಖಲೆಗಳನ್ನೇ ತೆಗೆದು, ಪರಿಣಾಮ ಇದ್ದರೂ ಅತ್ಯಲ್ಪ, ಇಲ್ಲವೆಂದೇ ಹೇಳಬಹುದಾದಷ್ಟು ಅಲ್ಪ, ಎಂದು ಉತ್ತರ ಕೊಟ್ಟರು. ಕ್ರೂಗರ್ 2019ರಲ್ಲಿ ತೀರಿಕೊಂಡರು. ಕಾರ್ಡ್ ಅವರಿಗೆ 2021ರಲ್ಲಿ, ನಾನು ಸೀಮೆಸುಣ್ಣವನ್ನು ಕೆಳಗಿಟ್ಟ ವರ್ಷವೇ, ನೊಬೆಲ್ ಪುರಸ್ಕಾರದ ಅರ್ಧ ಪಾಲು ಬಂದಿತು. ಜರ್ಮನಿಯು 2015ರಲ್ಲಿ ಗಂಟೆಗೆ 8.50 ಯೂರೊಗಳ ಕನಿಷ್ಠ ಕೂಲಿಯನ್ನು ದೇಶಕ್ಕೆಲ್ಲ ಒಂದಾಗಿ ತಂದಾಗಲೂ, ಕೆಳಗಿನವರ ಸಂಪಾದನೆ ಏರಿತು, ಕೆಲಸ ಕುಗ್ಗಲಿಲ್ಲ, ಕೆಲವರು ಬಡಕಲು ಸಂಸ್ಥೆಗಳಿಂದ ಗಟ್ಟಿಯಾದ ಸಂಸ್ಥೆಗಳಿಗೆ ಸರಿದರು ಎಂದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು.

ಇದು ಹೇಗೆ ಸಾಧ್ಯ? ಎರಡು ಗೆರೆಗಳು ಸುಳ್ಳೆ? ಸುಳ್ಳಲ್ಲ, ಅವು ಒಂದು ಸಂಗತಿಯನ್ನು ಸದ್ದಿಲ್ಲದೆ ಊಹಿಸಿಕೊಂಡಿರುತ್ತವೆ. ದುಡಿಮೆಯನ್ನು ಕೊಳ್ಳುವವರು ಹಲವರಿದ್ದಾರೆ, ಒಬ್ಬ ಕಡಿಮೆ ಕೊಟ್ಟರೆ ಕೆಲಸಗಾರ ಮರುದಿನವೇ ಇನ್ನೊಬ್ಬನ ಬಾಗಿಲಿಗೆ ಹೋಗಬಲ್ಲ ಎಂಬುದೇ ಆ ಊಹೆ. ಧಣಿಗಳು ಕೂಲಿಯನ್ನು ಏರಿಸದಂತೆ ಒಳಗೊಳಗೇ ಸದಾ ಒಂದಾಗಿರುತ್ತಾರೆಂದು ಆಡಂ ಸ್ಮಿತ್ 1776ರಲ್ಲಿಯೇ ಎಚ್ಚರಿಸಿದ್ದನು. 1933ರಲ್ಲಿ ಜೋನ್ ರಾಬಿನ್ಸನ್, ಮಾರುವವನ ಏಕಸ್ವಾಮ್ಯವಿರುವಂತೆ ಕೊಳ್ಳುವವನ ಏಕಸ್ವಾಮ್ಯವೂ ಇರಬಹುದೆಂದು ತೋರಿಸಿ, ಅದಕ್ಕೊಂದು ಹೊಸ ಹೆಸರನ್ನೂ ಬಳಕೆಗೆ ತಂದರು. ಇಂಥ ಒಬ್ಬನೇ ಕೊಳ್ಳುವವನು ಕೂಲಿಯನ್ನು ಅದರ ನಿಜವಾದ ಬೆಲೆಗಿಂತ ಕೆಳಗೆ ಅದುಮಿಟ್ಟಿರುತ್ತಾನೆ. ಆ ಕೂಲಿಗೆ ಬರಲೊಲ್ಲದವರನ್ನು ಬಿಟ್ಟು ನಡೆಸುತ್ತಾನೆ. ಕಾಯಿದೆ ಕೂಲಿಯನ್ನು ತುಸು ಏರಿಸಿದರೆ ಅವನ ಲಾಭ ಇಳಿದೀತು. ಆದರೆ ಬರಲೊಲ್ಲದವರು ಬರುತ್ತಾರೆ, ಬಂದವರು ಬಿಟ್ಟುಹೋಗುವುದಿಲ್ಲ. ಕೆಲಸ ಕಡಿಮೆಯಾಗುವುದರ ಬದಲು ಹೆಚ್ಚಲೂಬಹುದು. ಸ್ಟಿಗ್ಲರ್ ಕೂಡ ತಮ್ಮ 1946ರ ಲೇಖನದಲ್ಲಿ ಈ ಸಾಧ್ಯತೆಯನ್ನು ಒಪ್ಪಿಕೊಂಡಿದ್ದರು. ದೇಶಕ್ಕೆಲ್ಲ ಒಂದೇ ದರವನ್ನು ಹೊಂದಿಸಿ ಅದನ್ನು ಸಾಧಿಸುವುದು ಕಷ್ಟವೆಂದು ಮಾತ್ರ ಸಂದೇಹಪಟ್ಟಿದ್ದರು. ಆ ಪುಟವನ್ನು ನಾನು ಪಾಠ ಹೇಳುತ್ತಿದ್ದ ಮೊದಲ ವರ್ಷಗಳಲ್ಲಿ ಹಾರಿಸಿಬಿಡುತ್ತಿದ್ದೆ.

ನನ್ನ ಊರನ್ನೇ ನೆನೆಯಬೇಕಿತ್ತು. ನಮಗೆ ನಡೆದು ಹೋಗುವಷ್ಟು ಹತ್ತಿರ ಇದ್ದುದು ಒಂದೇ ಬೀಡಿ ಬ್ರಾಂಚು. ಎಲೆ ಕೊಡುವವರೂ ಅವರೇ, ಬೀಡಿ ಕೊಳ್ಳುವವರೂ ಅವರೇ, ಇದು ಸರಿಯಿಲ್ಲವೆಂದು ಕಟ್ಟನ್ನು ಬಿಚ್ಚಿ ಪಕ್ಕಕ್ಕೆ ಎಸೆಯುವವರೂ ಅವರೇ. ತೋಟದ ಕೆಲಸಕ್ಕೆ ಹೋಗೋಣವೆಂದರೆ ಮನೆಯಲ್ಲಿ ಚಿಕ್ಕ ಮಕ್ಕಳು, ವಯಸ್ಸಾದ ಅತ್ತೆ. ಜೋನ್ ರಾಬಿನ್ಸನ್ ಹೇಳಿದ ಮಾರುಕಟ್ಟೆಯ ಚಿತ್ರ ನಮ್ಮ ಜಗಲಿಯಲ್ಲಿಯೇ ಇತ್ತು.

* * *

ಇಲ್ಲಿಗೆ ಮುಗಿದಿದ್ದರೆ ಈ ಕಥೆ ನನ್ನಂಥವನಿಗೆ ಹಿತವಾಗಿಯೇ ಇರುತ್ತಿತ್ತು. ಆದರೆ ಡೆಲವೇರ್ ನದಿಯ ಗಡಿಯನ್ನು ವಿದ್ಯಾರ್ಥಿಗಳಿಗೆ ವಿವರಿಸುತ್ತಿದ್ದ ನಾನು, ನನ್ನ ಊರಿಗೆ ಒಂದು ದಿನದ ಪ್ರಯಾಣದಷ್ಟೂ ದೂರವಿಲ್ಲದ ಇನ್ನೊಂದು ಗಡಿಯ ವೃತ್ತಾಂತವನ್ನು ನಡುವಯಸ್ಸು ದಾಟಿದ ಮೇಲೆ ಓದಿದೆ. ಓದಿದ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೀಡಿ ಮತ್ತು ಸಿಗಾರ್ ಕೆಲಸಗಾರರ ದುಡಿಮೆಯ ಷರತ್ತುಗಳ ಬಗ್ಗೆ ಸಂಸತ್ತು 1966ರಲ್ಲಿ ಒಂದು ಕಾಯಿದೆ ಮಾಡಿತು. ದುಡಿಮೆಯ ಹೊತ್ತು, ರಜೆ, ಕಾರ್ಖಾನೆಯ ಗಾಳಿಬೆಳಕು ಇವೆಲ್ಲ ಅದರಲ್ಲಿದ್ದುವು. ಕಾಯಿದೆ ದೇಶಕ್ಕೆಲ್ಲ ಒಂದೇ. ಆದರೆ ಅದನ್ನು ಜಾರಿಗೆ ತರುವ ಹೊಣೆ ರಾಜ್ಯಗಳದು. ಕೇರಳ ರಾಜ್ಯ 1968ರ ಅಕ್ಟೋಬರ್ ತಿಂಗಳಲ್ಲಿ ಅದನ್ನು ಜಾರಿಗೆ ತಂದಿತು. ಅಂದಿನ ಮೈಸೂರು ರಾಜ್ಯ ಅಷ್ಟು ಅವಸರ ಮಾಡಲಿಲ್ಲ. ಕಣ್ಣೂರಿನ ಸುತ್ತ ದೊಡ್ಡ ದೊಡ್ಡ ಬೀಡಿ ಶಾಲೆಗಳಿದ್ದುವು. ಮಂಗಳೂರಿನ ಧಣಿಗಳದಾದ ದೊಡ್ಡ ಸಂಸ್ಥೆ ಅಲ್ಲಿಯ ಬಾಗಿಲುಗಳನ್ನು ಮುಚ್ಚಿತು. ಕೆಲಸ ಕಳೆದುಕೊಂಡವರು ಸುಮಾರು 12,000 ಮಂದಿ. ಬೀಡಿ ಸೇದುವವರೇನೂ ಕಡಿಮೆಯಾಗಿರಲಿಲ್ಲ. ಆದ್ದರಿಂದ ಆ ಬೀಡಿಗಳನ್ನು ಬೇರೆ ಯಾರಾದರೂ ಕಟ್ಟಲೇಬೇಕಿತ್ತು. ಕೆಲಸ ಗಡಿ ದಾಟಿ ಉತ್ತರಕ್ಕೆ ಸರಿಯಿತು; ಶಾಲೆಯನ್ನು ಬಿಟ್ಟು ಮನೆಗಳ ಜಗಲಿಗೆ ಬಂದಿತು.

ನನ್ನ ತಾಯಿ ಬೀಡಿ ಕಟ್ಟತೊಡಗಿದ್ದು 1969ರ ಮಳೆಗಾಲದಲ್ಲಿ. ಅದೇ ವರ್ಷ ನಮ್ಮ ಊರಿಗೆ ಬ್ರಾಂಚು ಬಂದಿತೆಂದು ಆಕೆ ಎಷ್ಟೋ ಸಲ ಹೇಳಿದ್ದಳು. ಅದು ಬಂದುದರಿಂದಲೇ ನನ್ನನ್ನು ಶಾಲೆ ಬಿಡಿಸಲಿಲ್ಲವೆಂದೂ ಹೇಳಿದ್ದಳು. ಯಾವ ಬ್ರಾಂಚು ಯಾವ ಶಾಲೆಯ ಬದಲಾಗಿ ಬಂದಿತೆಂದು ತಾಳೆ ಹಾಕಲು ನನ್ನಲ್ಲಿ ಕಾಗದಪತ್ರಗಳಿಲ್ಲ. ಆದರೂ ಎರಡು ಇಸವಿಗಳು ಹೀಗೆ ಅಕ್ಕಪಕ್ಕ ನಿಂತುದನ್ನು ಕಂಡಮೇಲೆ, ನನ್ನ ಶಾಲೆಯ ಶುಲ್ಕದಲ್ಲಿ ಕಣ್ಣೂರಿನ ಯಾರದೋ ತಪ್ಪಿದ ಕೂಲಿ ಸೇರಿತ್ತೇನೋ ಎಂಬ ಯೋಚನೆಯನ್ನು ತಳ್ಳಿಹಾಕುವುದು ನನ್ನಿಂದಾಗಲಿಲ್ಲ. ಅಂಕಿಅಂಶಗಳಲ್ಲಿ ಇಂತಿಷ್ಟು ಕೆಲಸ ಇಲ್ಲಿ ಕಳೆಯಿತು, ಇಂತಿಷ್ಟು ಅಲ್ಲಿ ಕೂಡಿತು ಎಂದು ಬರೆದರೆ ಮೊತ್ತ ಸೊನ್ನೆಯಾಗುತ್ತದೆ. ಬದುಕಿನಲ್ಲಿ ಹಾಗೆ ಸೊನ್ನೆಯಾಗುವುದಿಲ್ಲ. ಶಾಲೆಯಲ್ಲಿ ಒಟ್ಟಿಗೆ ಕುಳಿತು, ಸಂಘ ಕಟ್ಟಿಕೊಂಡು, ಹಕ್ಕನ್ನು ಕೇಳಬಲ್ಲವರ ಕೆಲಸ, ಒಬ್ಬೊಬ್ಬರೇ ಕುಳಿತ, ಕೇಳಲು ಬಾಯಿಲ್ಲದವರ ಮಡಿಲಿಗೆ ಬಂದಿತ್ತು. ನಮಗೆ ಅದು ಅನ್ನವಾಯಿತು. ಧಣಿಗಳು ನಮ್ಮನ್ನು ಆರಿಸಿದ್ದು ನಮ್ಮ ಕೈಗಳ ಜಾಣ್ಮೆಗಾಗಿಯಲ್ಲ, ನಮ್ಮ ಮೌನಕ್ಕಾಗಿ.

ಕಣ್ಣೂರಿನವರು ಸುಮ್ಮನೆ ಕೂರಲಿಲ್ಲ. ಸರ್ಕಾರದ ನೆರವಿನಿಂದ, 1969ರ ಫೆಬ್ರವರಿಯಲ್ಲಿ, ಕೇರಳ ದಿನೇಶ್ ಬೀಡಿ ಎಂಬ ಸಹಕಾರ ಸಂಘವನ್ನು ತಾವೇ ಕಟ್ಟಿದರು. ಕಾಯಿದೆ ಕೇಳಿದ್ದನ್ನೆಲ್ಲ ಕೊಟ್ಟೂ ಬೀಡಿ ಮಾರಬಹುದೆಂದು ತೋರಿಸಿದರು. ಏಳಿಗೆಯ ಕಾಲದಲ್ಲಿ ಅಲ್ಲಿ ನಲವತ್ತು ಸಾವಿರದಷ್ಟು ಮಂದಿ ದುಡಿಯುತ್ತಿದ್ದರು. ಮುಂದೆ ಬೀಡಿ ಸೇದುವವರೇ ಕಡಿಮೆಯಾದಾಗ ಆ ಸಂಘ ಕೊಡೆ, ತೆಂಗಿನ ಹಾಲು, ಉಡುಪುಗಳ ಕಡೆಗೆ ಹೊರಳಬೇಕಾಯಿತು. ಇತ್ತ 1966ರ ಕಾಯಿದೆಯನ್ನು ಬೀಡಿ ಧಣಿಗಳು ನ್ಯಾಯಾಲಯಕ್ಕೆ ಎಳೆದರೂ, 1974ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಮನೆಯಲ್ಲಿ ಬೀಡಿ ಕಟ್ಟುವವರೂ ಕಾಯಿದೆಯ ನೆರಳಿಗೆ ಬಂದರು. ನನ್ನ ತಾಯಿಯ ಹೆಸರಿನಲ್ಲಿ ಭವಿಷ್ಯನಿಧಿಯ ಖಾತೆಯೊಂದು ತೆರೆದದ್ದು ಆ ಬಳಿಕವೇ.

* * *

ಈಗ ಎಲೆಯ ಪ್ರಶ್ನೆಗೆ ಬರುತ್ತೇನೆ. 1973ರಿಂದ ಈಚೆಗೆ ಸಾವಿರ ಬೀಡಿಯ ದರ ಎಷ್ಟೋ ಸಲ ಏರಿತು. ಏರಿದಾಗಲೆಲ್ಲ ನಮ್ಮ ಊರಿನಲ್ಲಿ ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ಹೊರಗಿನಿಂದ ಎಣಿಸುವವನು ಬಂದಿದ್ದರೆ ‘ಉದ್ಯೋಗದ ಮೇಲೆ ಪರಿಣಾಮವಿಲ್ಲ’ ಎಂದು ಬರೆದುಕೊಂಡು ಹೋಗುತ್ತಿದ್ದನು. ಆದರೆ ವಾರಕ್ಕೆ ಆರು ದಿನ ಸಿಗುತ್ತಿದ್ದ ಎಲೆ ಕೆಲವು ತಿಂಗಳು ನಾಲ್ಕು ದಿನವೇ ಸಿಗುತ್ತಿತ್ತು. ಸಾವಿರಕ್ಕೆಂದು ತೂಗಿ ಕೊಟ್ಟ ಎಲೆ, ತೂತು ಹರಕು ತೆಗೆದಮೇಲೆ, ಒಂಬೈನೂರಕ್ಕೆ ಸಾಲುತ್ತಿರಲಿಲ್ಲ. ಉಳಿದ ನೂರಕ್ಕೆ ಎಲೆಯನ್ನು ಕೈಯಿಂದ ದುಡ್ಡು ಕೊಟ್ಟು ತರಬೇಕಾಗುತ್ತಿತ್ತು. ಪಕ್ಕಕ್ಕೆ ಎಸೆಯುವ ಕಟ್ಟುಗಳೂ ಆ ದಿನಗಳಲ್ಲಿ ಹೆಚ್ಚುತ್ತಿದ್ದುವು. ದರದ ಹಲಗೆಯ ಮೇಲೆ ಏರಿದ ಕೂಲಿ ತಕ್ಕಡಿಯ ತಟ್ಟೆಯಲ್ಲಿ ಮೆಲ್ಲನೆ ಕೆಳಗಿಳಿಯುತ್ತಿತ್ತು.

ಶ್ರೀಮಂತ ದೇಶಗಳಲ್ಲಿಯೂ ಇಂಥದೊಂದು ಚರ್ಚೆ ನಡೆದಿದೆ. ಅಮೆರಿಕದ ಸಿಯಾಟಲ್ ನಗರವು ಕನಿಷ್ಠ ಕೂಲಿಯನ್ನು 2016ರಲ್ಲಿ ಗಂಟೆಗೆ 13 ಡಾಲರಿನವರೆಗೆ ಏರಿಸಿದ ಮೇಲೆ, ಕೆಳಗಿನ ಕೂಲಿಯ ಕೆಲಸಗಳಲ್ಲಿ ದುಡಿಮೆಯ ಗಂಟೆಗಳು ಕುಗ್ಗಿದುವೆಂದು ಅಲ್ಲಿಯ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಹೇಳಿದರು. ಅದೇ ವರ್ಷ ಬರ್ಕ್ಲಿಯ ಸಂಶೋಧಕರು ಆ ನಗರದ ಉಪಾಹಾರಗೃಹಗಳನ್ನು ಪರೀಕ್ಷಿಸಿ, ಕೂಲಿ ಏರಿತು, ಕೆಲಸ ಇಳಿಯಲಿಲ್ಲ ಎಂದರು. ಇಬ್ಬರ ಮಾತಿನಿಂದಲೂ ಕಲಿಯುವುದೊಂದಿದೆ: ತಲೆಗಳನ್ನು ಮಾತ್ರ ಎಣಿಸಿದರೆ ಸಾಲದು, ಗಂಟೆಗಳನ್ನೂ ಎಣಿಸಬೇಕು. ನಮ್ಮಲ್ಲಿಯಾದರೆ ಎಲೆಗಳನ್ನೂ.

ಹಾಗಾದರೆ ಕೂಲಿಯನ್ನು ಏರಿಸಬಾರದೆ? ಮೂವತ್ತನಾಲ್ಕು ವರ್ಷ ಪಾಠ ಹೇಳಿದವನು ಇಷ್ಟಾದರೂ ನೇರವಾಗಿ ಉತ್ತರ ಕೊಡಬೇಕು. ಏರಿಸಬೇಕು. ಏರಿಸಿದರೆ ಕೆಲಸಗಳೆಲ್ಲ ನಾಶವಾಗುತ್ತವೆಂಬ ಹೆದರಿಕೆಯನ್ನು ಈ ಮೂವತ್ತು ವರ್ಷಗಳ ಅನುಭವ ಬಹುಮಟ್ಟಿಗೆ ಸುಳ್ಳಾಗಿಸಿದೆ. ಆದರೆ ಏರಿಸಿದೆವೆಂದು ಕೈತೊಳೆದುಕೊಂಡರೆ ಸಾಲದೆಂಬುದನ್ನೂ ಅದು ಕಲಿಸಿದೆ. ಗೆರೆ ಊರಿನ ವಾಡಿಕೆಯ ಕೂಲಿಯಿಂದ ಎಷ್ಟು ಮೇಲಿದೆ ಎಂಬುದನ್ನು ನೋಡಬೇಕು. ಪೋರ್ಟೊ ರಿಕೊವನ್ನು ಮರೆಯಬಾರದು. ದುಡಿಮೆಯನ್ನು ಕೊಳ್ಳುವವರು ಹಲವರೋ ಒಬ್ಬರೋ ಎಂಬುದನ್ನು ನೋಡಬೇಕು. ಒಬ್ಬರೇ ಇದ್ದಲ್ಲಿ ಕಾಯಿದೆಗೆ ಅವಕಾಶ ಹೆಚ್ಚು. ಧಣಿ ತನ್ನ ಕೆಲಸವನ್ನು ಎತ್ತಿಕೊಂಡು ಗಡಿ ದಾಟಬಲ್ಲನೆ ಎಂಬುದನ್ನು ನೋಡಬೇಕು. ಊಟದ ಅಂಗಡಿ ಗಿರಾಕಿಯನ್ನು ಬಿಟ್ಟು ನದಿ ದಾಟಲಾರದು, ಬೀಡಿಯ ಎಲೆ ಒಂದೇ ರಾತ್ರಿಯಲ್ಲಿ ದಾಟುತ್ತದೆ. ಕೊನೆಯದಾಗಿ, ತಕ್ಕಡಿಯನ್ನು ಯಾರು ಹಿಡಿದಿದ್ದಾರೆಂಬುದನ್ನು ನೋಡಬೇಕು. ತೂಕವನ್ನು ಕೇಳಲು ಕೆಲಸಗಾರರ ಒಂದು ಕೂಟ, ಪರೀಕ್ಷಿಸಲು ಒಬ್ಬ ಅಧಿಕಾರಿ ಇಲ್ಲದ ಊರಿನಲ್ಲಿ ದರದ ಹಲಗೆ ಗೋಡೆಯ ಅಲಂಕಾರವಷ್ಟೆ.

1948ರ ಕಾಯಿದೆಯ ಸ್ಥಾನಕ್ಕೆ ಸಂಸತ್ತು 2019ರಲ್ಲಿ ವೇತನ ಸಂಹಿತೆಯನ್ನು ಅಂಗೀಕರಿಸಿತು. 2025ರ ನವೆಂಬರ್ ತಿಂಗಳಲ್ಲಿ ಅದು ಜಾರಿಗೆ ಬಂದಿತು. ಕೇಂದ್ರ ಸರ್ಕಾರ ಒಂದು ತಳಮಟ್ಟದ ವೇತನವನ್ನು ಗೊತ್ತುಮಾಡಬೇಕು, ಯಾವ ರಾಜ್ಯದ ಕನಿಷ್ಠ ಕೂಲಿಯೂ ಅದಕ್ಕಿಂತ ಕೆಳಗಿರಕೂಡದು ಎಂಬ ವಿಧಿ ಅದರಲ್ಲಿದೆ. ಆ ತಳ ಎಷ್ಟು ಎತ್ತರದಲ್ಲಿರುತ್ತದೆ, ಅದನ್ನು ಎಷ್ಟು ನಿಷ್ಠೆಯಿಂದ ಕಾಯುತ್ತಾರೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ಆದರೆ 1968ರ ಕಣ್ಣೂರನ್ನು ಬಲ್ಲವರಿಗೆ ಅಂಥದೊಂದು ವಿಧಿ ಏಕೆ ಬೇಕೆಂದು ಯಾರೂ ವಿವರಿಸಬೇಕಾಗಿಲ್ಲ. ಒಂದು ಊರಿನ ಹಸಿವನ್ನು ಇನ್ನೊಂದು ಊರಿನ ನ್ಯಾಯದ ಮೇಲೆ ಎತ್ತಿಕಟ್ಟುವ ಆಟಕ್ಕೆ ಅಷ್ಟಾದರೂ ಅಡ್ಡಿ ಬೇಡವೆ?

ಕಣ್ಣೂರಿನ ಬೀಡಿ ಶಾಲೆಗಳ ಬಗ್ಗೆ ಓದಿದ್ದರಲ್ಲಿ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಅಲ್ಲಿ ಸಾಲಾಗಿ ಕುಳಿತು ಬೀಡಿ ಕಟ್ಟುವವರ ನಡುವೆ ಒಬ್ಬನು ಕೆಲಸ ಬಿಟ್ಟು ಪತ್ರಿಕೆಯನ್ನೋ ಪುಸ್ತಕವನ್ನೋ ಎಲ್ಲರಿಗೂ ಕೇಳುವಂತೆ ಓದುತ್ತಿದ್ದನಂತೆ. ಓದುವಷ್ಟು ಹೊತ್ತು ಅವನಿಗೆ ಕೂಲಿಯ ನಷ್ಟವಾಗಬಾರದೆಂದು, ಅವನ ಪಾಲಿನ ಬೀಡಿಗಳನ್ನು ಉಳಿದವರು ಕಟ್ಟಿಕೊಡುತ್ತಿದ್ದರಂತೆ.

ನಮ್ಮ ಜಗಲಿಯಲ್ಲಿ ಓದುವವನು ನಾನೊಬ್ಬನೇ ಆಗಿದ್ದೆ. ನನ್ನ ಪಾಲಿನ ಬೀಡಿಗಳನ್ನು ತಾಯಿ ಕಟ್ಟಿದಳು. ಆಕೆ ತೀರಿಕೊಂಡು ಹಲವು ವರ್ಷಗಳಾದುವು. ಕತ್ತರಿಯೂ ತಗಡಿನ ಅಳತೆಯೂ ನನ್ನ ಪುಸ್ತಕದ ಕಪಾಟಿನಲ್ಲಿವೆ. ಕನಿಷ್ಠ ಕೂಲಿ ಏರಿತೆಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಕಂಡಾಗ ನಾನು ಈಗಲೂ ಸಂತೋಷಪಡುತ್ತೇನೆ. ಕಪಾಟಿನ ಕಡೆಗೆ ಒಮ್ಮೆ ನೋಡಿ, ಸುದ್ದಿಯ ಕೊನೆಯ ಸಾಲಿನವರೆಗೆ ಎಲೆಯ ಮಾತು ಎಲ್ಲಾದರೂ ಇದೆಯೇ ಎಂದು ಹುಡುಕುತ್ತೇನೆ.